ರೌಟರ್ ಬದಲಾದ ಮೇಲೆ ಅಕ್ವೇರಿಯಂ ಕಂಟ್ರೋಲರ್ ಕಾಣುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾವು ಬಾಗಲಕೋಟೆಯ ನವನಗರದಲ್ಲಿದ್ದೇವೆ. ಮನೆಯಲ್ಲಿ ನಾಲ್ಕು ಅಡಿಯ ಅಕ್ವೇರಿಯಂ ಇದೆ, ಅದರಲ್ಲಿ ಆಫ್ರಿಕನ್ ಸಿಕ್ಲಿಡ್ ಮೀನುಗಳಿವೆ. ಹೀಟರ್, ನೀರು ತಂಪು ಮಾಡುವ ಫ್ಯಾನ್, ದೀಪ, ಎಲ್ಲವೂ ಒಂದು ಕಂಟ್ರೋಲರ್ ಮೂಲಕ ನಡೆಯುತ್ತವೆ. ಕಳೆದ ತಿಂಗಳು ಹಳೆಯ ಇಂಟರ್‌ನೆಟ್ ತೆಗೆಸಿ ಫೈಬರ್ ಹಾಕಿಸಿದೆವು. ಹೊಸ ರೌಟರ್‌ಗೂ ಹಳೆಯ ವೈ-ಫೈ ಹೆಸರು ಮತ್ತು ಪಾಸ್‌ವರ್ಡನ್ನೇ ಇಟ್ಟಿದ್ದೇನೆ. ಕಂಟ್ರೋಲರ್ ಪರದೆಯಲ್ಲಿ ವೈ-ಫೈ ಚಿಹ್ನೆ ಪೂರ್ತಿ ಕಾಣುತ್ತದೆ, ಆದರೆ ಮೊಬೈಲ್ ಆಪ್ ಮಾತ್ರ 'ಆಫ್‌ಲೈನ್' ಎನ್ನುತ್ತದೆ. ಪರದೆಯಲ್ಲಿರುವ ವಿಳಾಸ 192.168.1.50, ನನ್ನ ಮೊಬೈಲ್‌ನ ವಿಳಾಸ 192.168.100.14. ಮೊದಲು ಇದನ್ನು ಜೋಡಿಸಿಕೊಟ್ಟವರು ಹಳೆಯ ರೌಟರ್‌ನಲ್ಲಿ ಏನೋ ಪೋರ್ಟ್ ತೆರೆದಿದ್ದರು, ಪುಣೆಯಲ್ಲಿರುವ ಮಗಳು ಅಲ್ಲಿಂದಲೇ ನೋಡುತ್ತಿದ್ದಳು. ಆಗಲೂ ಕರೆಂಟ್ ಹೋಗಿ ಬಂದರೆ ಕೆಲವೊಮ್ಮೆ ಸಂಪರ್ಕ ತಪ್ಪುತ್ತಿತ್ತು. ಏಪ್ರಿಲ್ ಕೊನೆಗೆ ಮಗಳ ಹೆರಿಗೆಗೆಂದು ಮೂರು ವಾರ ಪುಣೆಗೆ ಹೋಗಬೇಕು. ಅಂಗಡಿಯವರು ಕಂಟ್ರೋಲರ್ ಹೋಗಿದೆ, ಹೊಸದು ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ಇನ್ನೊಬ್ಬರು ಫ್ಯಾಕ್ಟರಿ ರೀಸೆಟ್ ಮಾಡಿ ಎಂದರು. ಏನು ಮಾಡಲಿ?

ಉತ್ತರ:

ಹೊಸ ಕಂಟ್ರೋಲರ್ ಕೊಳ್ಳಬೇಡಿ. ಫ್ಯಾಕ್ಟರಿ ರೀಸೆಟ್ ಗುಂಡಿಯನ್ನೂ ಸದ್ಯಕ್ಕೆ ಮುಟ್ಟಬೇಡಿ. ನಿಮ್ಮ ಯಂತ್ರ ಕೆಟ್ಟಿಲ್ಲ. ನೀವೇ ಬರೆದಿರುವ ಎರಡು ವಿಳಾಸಗಳು ಅದನ್ನು ಸ್ಪಷ್ಟವಾಗಿ ಹೇಳುತ್ತಿವೆ.

ಮೊಬೈಲ್‌ನ ವಿಳಾಸ 192.168.100ರಿಂದ ಶುರುವಾಗುತ್ತದೆ, ಕಂಟ್ರೋಲರ್‌ನದು 192.168.1ರಿಂದ. ಮನೆಯ ನೆಟ್‌ವರ್ಕ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಮೂರು ಸಂಖ್ಯೆಗಳು ಬಡಾವಣೆಯನ್ನು ಹೇಳುತ್ತವೆ, ಕೊನೆಯದು ಮನೆ ಸಂಖ್ಯೆಯನ್ನು. ನಿಮ್ಮ ಊರಿನವರಿಗೆ ಇದನ್ನು ವಿವರಿಸುವುದು ಸುಲಭ: ಆಲಮಟ್ಟಿಯ ಹಿನ್ನೀರು ಬಂದಾಗ ಹಳೆಯ ಊರು ಬಿಟ್ಟು ನವನಗರಕ್ಕೆ ಬಂದ ಮನೆಯವರೊಬ್ಬರು ಇಂದಿಗೂ ಹಳೆಯ ಊರಿನ ಓಣಿಯ ವಿಳಾಸವನ್ನೇ ಕೊಡುತ್ತಿದ್ದರೆ ಅಂಚೆ ತಲುಪುತ್ತದೆಯೇ? ನಿಮ್ಮ ಕಂಟ್ರೋಲರ್ ಮಾಡುತ್ತಿರುವುದು ಅದನ್ನೇ. ಅದು ಹೊಸ ರೌಟರ್‌ಗೆ ರೇಡಿಯೋ ಮೂಲಕ ಸರಿಯಾಗಿಯೇ ಸೇರಿಕೊಂಡಿದೆ. ಹೆಸರು, ಪಾಸ್‌ವರ್ಡ್ ಎರಡೂ ಹಳೆಯವೇ ಆದ್ದರಿಂದ ಪರದೆಯ ಮೇಲೆ ವೈ-ಫೈ ಚಿಹ್ನೆ ತುಂಬಿ ಕಾಣುತ್ತದೆ. ಆದರೆ ಹೊರಗೆ ಕಳುಹಿಸಬೇಕಾದ ಪ್ರತಿಯೊಂದು ಮಾಹಿತಿಯನ್ನೂ ಅದು 192.168.1.1 ಎಂಬ ಹಳೆಯ ರೌಟರ್‌ನ ಕೈಗೆ ಕೊಡಲು ಹುಡುಕುತ್ತಿದೆ. ಆ ರೌಟರ್ ಈಗ ನಿಮ್ಮ ಮನೆಯಲ್ಲಿ ಇಲ್ಲ.

ಹೀಗಾಗಲು ಕಾರಣವೂ ನಿಮ್ಮ ಪತ್ರದಲ್ಲೇ ಇದೆ. ಪೋರ್ಟ್ ತೆರೆಯಬೇಕಾದರೆ, ಅಂದರೆ ಹೊರಗಿನಿಂದ ಉಪಕರಣಕ್ಕೆ ನೇರವಾಗಿ ಬರಲು ರೌಟರ್‌ನಲ್ಲಿ ಬಾಗಿಲು ಬಿಡಬೇಕಾದರೆ, ಉಪಕರಣದ ವಿಳಾಸ ಬದಲಾಗಬಾರದು. ಆದ್ದರಿಂದ ಅಂದು ಜೋಡಿಸಿದವರು ಕಂಟ್ರೋಲರ್ ಒಳಗೆ 192.168.1.50 ಎಂದು ಕೈಯಿಂದಲೇ ಬರೆದು ಸ್ಥಿರ ವಿಳಾಸ ಮಾಡಿದ್ದಾರೆ. ಆಗ ಅದು ತಪ್ಪಾಗಿರಲಿಲ್ಲ. ರೌಟರ್ ಬದಲಾದಾಗ ಅದನ್ನು ಬಿಡಿಸಬೇಕಿತ್ತು, ಫೈಬರ್ ಹಾಕಲು ಬಂದವರಿಗೆ ಅದು ತಿಳಿಯುವ ಸಾಧ್ಯತೆಯೇ ಇರಲಿಲ್ಲ.

ಬೇರೇನನ್ನೂ ಮಾಡುವ ಮೊದಲು ಕಂಟ್ರೋಲರ್‌ನ ಪ್ರತಿಯೊಂದು ಪರದೆಯನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ತಾಪಮಾನದ ಮಿತಿಗಳು, ದೀಪದ ವೇಳೆ, ಯಾವ ಸಾಕೆಟ್‌ಗೆ ಯಾವ ಉಪಕರಣ ಎಂಬ ಪಟ್ಟಿ, ನೆಟ್‌ವರ್ಕ್ ಪುಟ, ಎಲ್ಲವೂ ಬೇಕು. ಫ್ಯಾಕ್ಟರಿ ರೀಸೆಟ್ ಬೇಡ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ರೀಸೆಟ್ ಮಾಡಿದರೆ ವಿಳಾಸದ ಸಮಸ್ಯೆ ನಿಜವಾಗಿಯೂ ಹೋಗುತ್ತದೆ, ಆದರೆ ಜೊತೆಗೆ ಇವೆಲ್ಲವೂ ಅಳಿಸಿ ಹೋಗುತ್ತವೆ. ಪಿಎಚ್ ಪ್ರೋಬ್, ಅಂದರೆ ನೀರಿನ ಆಮ್ಲ-ಕ್ಷಾರ ಗುಣ ಅಳೆಯುವ ಕಡ್ಡಿ, ಇದ್ದರೆ ಅದರ ಹೊಂದಾಣಿಕೆಯೂ ಹೋಗಿ, 7 ಮತ್ತು 10ರ ಬಫರ್ ದ್ರಾವಣ ತಂದು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ಒಂದು ಸಾಲು ತಿದ್ದುವುದಕ್ಕೆ ಇಡೀ ಪುಸ್ತಕವನ್ನು ಒರೆಸಿ ಹಾಕುವ ಅಗತ್ಯವಿಲ್ಲ.

ಈಗ ತಿದ್ದುವ ಕ್ರಮ. ಕಂಟ್ರೋಲರ್‌ನ ಗುಂಡಿಗಳಿಂದಲೇ ನೆಟ್‌ವರ್ಕ್ ಪುಟಕ್ಕೆ ಹೋಗಲು ಸಾಧ್ಯವಿದ್ದರೆ ಅಲ್ಲಿ 'ಡಿಎಚ್‌ಸಿಪಿ' ಎಂಬ ಆಯ್ಕೆ ಇರುತ್ತದೆ, ಅಥವಾ 'ಸ್ಟ್ಯಾಟಿಕ್' ಮತ್ತು 'ಆಟೋ' ಎಂದು ಎರಡು ಆಯ್ಕೆಗಳಿರುತ್ತವೆ. ಡಿಎಚ್‌ಸಿಪಿ ಎಂದರೆ ವಿಳಾಸ ಹಂಚುವ ಕೆಲಸವನ್ನು ರೌಟರ್‌ಗೆ ಬಿಟ್ಟುಕೊಡುವುದು. ಅದನ್ನು ಚಾಲೂ ಮಾಡಿ, ಉಳಿಸಿ, ಕಂಟ್ರೋಲರ್ ಅನ್ನು ಒಮ್ಮೆ ಆರಿಸಿ ಹೊತ್ತಿಸಿ. ಒಂದೆರಡು ನಿಮಿಷದಲ್ಲಿ ಪರದೆಯ ವಿಳಾಸ 192.168.100ರಿಂದ ಶುರುವಾಗಬೇಕು. ಅಷ್ಟಾದರೆ ಬಹುತೇಕ ಆಪ್ ತಾನಾಗಿಯೇ ಜೀವಂತವಾಗುತ್ತದೆ.

ಗುಂಡಿಗಳಲ್ಲಿ ಆ ಆಯ್ಕೆ ಇಲ್ಲದಿದ್ದರೆ ತುಸು ಸುತ್ತು ಬಳಸಬೇಕು. ಹಲವು ಕಂಟ್ರೋಲರ್‌ಗಳು ನೆಟ್‌ವರ್ಕ್ ಬದಲಾವಣೆಯನ್ನು ತಮ್ಮ ವೆಬ್ ಪುಟದಲ್ಲಿ ಮಾತ್ರ ಬಿಡುತ್ತವೆ. ಆ ಪುಟಕ್ಕೆ ಹೋಗಲು ಬೇಕಾದ ದಾರಿಯೇ ಈಗ ಮುಚ್ಚಿದೆ ಎಂದು ನಿಮಗೆ ಅನ್ನಿಸಬಹುದು. ಮುಚ್ಚಿಲ್ಲ. ಕಂಟ್ರೋಲರ್ ಹಳೆಯ ಬಡಾವಣೆಯಲ್ಲಿದ್ದರೆ ನಿಮ್ಮ ಲ್ಯಾಪ್‌ಟಾಪನ್ನೂ ಸ್ವಲ್ಪ ಹೊತ್ತು ಅದೇ ಬಡಾವಣೆಗೆ ಕರೆದೊಯ್ಯಿರಿ. ಲ್ಯಾಪ್‌ಟಾಪ್ ಮನೆಯ ವೈ-ಫೈಗೇ ಸೇರಿರಲಿ. ಅದರ ವೈ-ಫೈ ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸವನ್ನು 'ಮ್ಯಾನುಯಲ್' ಮಾಡಿ 192.168.1.60 ಎಂದು ಬರೆಯಿರಿ. ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ, ಅಂದರೆ ರೌಟರ್‌ನ ವಿಳಾಸ, ಕೇಳಿದರೆ 192.168.1.1. ಉಳಿಸಿದ ತಕ್ಷಣ ಲ್ಯಾಪ್‌ಟಾಪ್ ಇಂಟರ್‌ನೆಟ್ ಇಲ್ಲ ಎಂದು ದೂರುತ್ತದೆ, ಗಾಬರಿ ಬೇಡ. ಬ್ರೌಸರ್ ತೆರೆದು ವಿಳಾಸದ ಜಾಗದಲ್ಲಿ ಕೇವಲ 192.168.1.50 ಎಂದು ಬರೆದು ಎಂಟರ್ ಒತ್ತಿದರೆ ಕಂಟ್ರೋಲರ್‌ನ ಪುಟ ತೆರೆದುಕೊಳ್ಳಬೇಕು. ಎರಡೂ ಉಪಕರಣಗಳು ಒಂದೇ ವೈ-ಫೈಯಲ್ಲಿರುವುದರಿಂದ ಅವು ರೌಟರ್‌ನ ವಿಳಾಸ ಹಂಚಿಕೆಯ ಹಂಗಿಲ್ಲದೆ ನೇರವಾಗಿ ಮಾತನಾಡಿಕೊಳ್ಳಬಲ್ಲವು.

ಇದನ್ನು ಮೊಬೈಲ್‌ನಲ್ಲೂ ಮಾಡಬಹುದು, ಆದರೆ ಮೊಬೈಲ್ ಡೇಟಾ ಬಂದ್ ಮಾಡಲೇಬೇಕು. ಇಲ್ಲದಿದ್ದರೆ ವೈ-ಫೈಯಲ್ಲಿ ಇಂಟರ್‌ನೆಟ್ ಇಲ್ಲವೆಂದು ಕಂಡ ಕೂಡಲೇ ಫೋನ್ ಸದ್ದಿಲ್ಲದೆ ಡೇಟಾಕ್ಕೆ ಹೊರಳುತ್ತದೆ, ಪುಟ ತೆರೆಯುವುದಿಲ್ಲ, ಕಂಟ್ರೋಲರ್ ಸತ್ತಿದೆ ಎಂದು ನೀವು ತಿಳಿಯುತ್ತೀರಿ. ಪುಟ ತೆರೆದ ಮೇಲೆ ನೆಟ್‌ವರ್ಕ್ ವಿಭಾಗದಲ್ಲಿ ಡಿಎಚ್‌ಸಿಪಿ ಚಾಲೂ ಮಾಡಿ ಉಳಿಸಿರಿ. ಉಳಿಸಿದ ಕ್ಷಣವೇ ಪುಟ ಸ್ತಬ್ಧವಾಗುತ್ತದೆ, ಏಕೆಂದರೆ ಕಂಟ್ರೋಲರ್ ಆ ವಿಳಾಸ ಬಿಟ್ಟು ಹೋಗಿರುತ್ತದೆ. ಕೆಲಸ ಆಯಿತು ಎಂಬುದಕ್ಕೆ ಅದೇ ಸೂಚನೆ. ಲ್ಯಾಪ್‌ಟಾಪ್‌ನ ವಿಳಾಸವನ್ನು ಮರೆಯದೆ ಮತ್ತೆ 'ಆಟೋಮ್ಯಾಟಿಕ್'ಗೆ ತನ್ನಿ.

ಇದೇ ಸಮಸ್ಯೆಗೆ ಇನ್ನೊಂದು ಪರಿಹಾರವನ್ನು ಕೆಲವರು ಹೇಳುತ್ತಾರೆ: ಹೊಸ ರೌಟರ್‌ನ ವಿಳಾಸವನ್ನೇ 192.168.1.1 ಮಾಡಿಬಿಡಿ ಎಂದು. ಅದೂ ನಡೆಯುತ್ತದೆ. ಆದರೆ ಇಂಟರ್‌ನೆಟ್ ಸಂಸ್ಥೆ ಕೊಟ್ಟ ಪೆಟ್ಟಿಗೆಯನ್ನು ಅವರು ಯಾವಾಗ ಬೇಕಾದರೂ ದೂರದಿಂದಲೇ ಮರುಹೊಂದಿಸಬಹುದು, ಅಥವಾ ಕೆಟ್ಟರೆ ಬೇರೆಯದನ್ನು ತಂದಿಡಬಹುದು. ಆಗ ನೀವು ಪುಣೆಯಲ್ಲಿರುತ್ತೀರಿ, ಇದೇ ಕಥೆ ಮತ್ತೆ ಶುರುವಾಗುತ್ತದೆ. ನನ್ನ ಮತ ಯಾವಾಗಲೂ ಡಿಎಚ್‌ಸಿಪಿ ಕಡೆಗೆ. ವಿಳಾಸ ಬದಲಾಗಬಾರದು ಎನ್ನುವುದಾದರೆ ಅದನ್ನು ರೌಟರ್‌ನಲ್ಲಿ ಕಾಯ್ದಿರಿಸಿ. ರೌಟರ್ ಪುಟದಲ್ಲಿ ಸೇರಿಕೊಂಡಿರುವ ಉಪಕರಣಗಳ ಪಟ್ಟಿ ಇರುತ್ತದೆ. ಕಂಟ್ರೋಲರ್‌ನ ಮ್ಯಾಕ್ ವಿಳಾಸ, ಅಂದರೆ ಅದರ ಹಿಂಬದಿಯ ಚೀಟಿಯ ಮೇಲೆ ಎರಡೆರಡಾಗಿ ಬರೆದಿರುವ ಹನ್ನೆರಡು ಅಕ್ಷರ-ಅಂಕಿಗಳ ಗುರುತು, ಅದನ್ನು ಪಟ್ಟಿಯಲ್ಲಿ ಗುರುತಿಸಿ ಒಂದು ವಿಳಾಸ ಮೀಸಲಿಟ್ಟರೆ ಸಾಕು. ಮುಂದೆ ರೌಟರ್ ಬದಲಾದರೂ ಕಂಟ್ರೋಲರ್ ಹೊಸ ಮನೆಯ ವಿಳಾಸವನ್ನು ತಾನೇ ಕೇಳಿ ಪಡೆಯುತ್ತದೆ.

ಹಳೆಯ ರೌಟರ್ ವ್ಯರ್ಥವಾಗಬಾರದೆಂದು ಅದನ್ನು ಹೊಸದರ ಹಿಂದೆ ಜೋಡಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಮನೆಯಲ್ಲಿ ಎರಡು ನೆಟ್‌ವರ್ಕ್‌ಗಳಾಗುತ್ತವೆ, ಫೋನ್ ಒಂದರಲ್ಲಿ, ಕಂಟ್ರೋಲರ್ ಇನ್ನೊಂದರಲ್ಲಿ. ಹಳೆಯದರಲ್ಲಿ ಡಿಎಚ್‌ಸಿಪಿ ಬಂದ್ ಮಾಡಿ, ಅದರ ಸ್ವಂತ ವಿಳಾಸವನ್ನು ಹೊಸ ಬಡಾವಣೆಗೆ ಬದಲಿಸಿ, ಕೇಬಲನ್ನು ಅದರ ವ್ಯಾನ್ ಪೋರ್ಟ್‌ಗೆ (ಹೊರಗಿನ ಇಂಟರ್‌ನೆಟ್ ಬರುವ ಕಿಂಡಿ) ಹಾಕದೆ ಲ್ಯಾನ್ ಪೋರ್ಟ್‌ಗೆ (ಮನೆಯ ಉಪಕರಣಗಳ ಕಿಂಡಿ) ಹಾಕಿದರೆ ಅದು ಬರೀ ವೈ-ಫೈ ಹರಡುವ ಪೆಟ್ಟಿಗೆಯಾಗುತ್ತದೆ.

ವಿಳಾಸ ಸರಿಹೋದ ಮೇಲೂ ಆಪ್ ಆಫ್‌ಲೈನ್ ಎಂದರೆ? ಆಗ ಸರಪಳಿಯ ಯಾವ ಕೊಂಡಿ ಕಳಚಿದೆ ಎಂದು ನೋಡಬೇಕು. ಮನೆಯ ವೈ-ಫೈಯಲ್ಲಿದ್ದುಕೊಂಡು ಬ್ರೌಸರ್‌ನಲ್ಲಿ ಕಂಟ್ರೋಲರ್‌ನ ಹೊಸ ವಿಳಾಸ ಬರೆಯಿರಿ. ಪುಟ ತೆರೆದರೆ ಮನೆಯೊಳಗಿನ ದಾರಿ ಸರಿಯಿದೆ, ತೊಂದರೆ ಇರುವುದು ಹೊರಗಿನ ದಾರಿಯಲ್ಲಿ. ಆಗ ಮೊದಲು ನೋಡಬೇಕಾದದ್ದು ಗಡಿಯಾರ. ಇದು ವಿಚಿತ್ರವಾಗಿ ಕೇಳಿಸಬಹುದು. ಕಂಟ್ರೋಲರ್ ತಯಾರಕರ ಸರ್ವರ್‌ಗೆ ಗೂಢಲಿಪಿಯ ಸಂಪರ್ಕ ಬೆಳೆಸುವಾಗ ಸರ್ವರ್‌ನ ಪ್ರಮಾಣಪತ್ರದ ದಿನಾಂಕವನ್ನು ಪರಿಶೀಲಿಸುತ್ತದೆ. ಒಳಗಿನ ಗಡಿಯಾರಕ್ಕೆ ಬ್ಯಾಟರಿ ಇಲ್ಲದ ಅಥವಾ ಬ್ಯಾಟರಿ ಸತ್ತ ಕಂಟ್ರೋಲರ್ ಕರೆಂಟ್ ಹೋಗಿ ಬಂದಾಗ 1970ರ ಜನವರಿ 1ಕ್ಕೋ 2000ದ ಇಸವಿಗೋ ಹೋಗಿ ಕುಳಿತಿರುತ್ತದೆ. ಅದರ ಲೆಕ್ಕದಲ್ಲಿ ಸರ್ವರ್‌ನ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ, ಆದ್ದರಿಂದ ಮಾತು ಮುಂದುವರಿಯುವುದಿಲ್ಲ. ಸಮಯವನ್ನು ಕೈಯಿಂದ ಸರಿಪಡಿಸಿ, 'ಎನ್‌ಟಿಪಿ' ಅಥವಾ 'ಇಂಟರ್‌ನೆಟ್ ಟೈಮ್' ಆಯ್ಕೆಯನ್ನು ಚಾಲೂ ಮಾಡಿ. ಜೊತೆಗೆ ಟೈಮ್ ಝೋನ್ +5:30 ಇದೆಯೇ ನೋಡಿ. ಅದು ಸೊನ್ನೆಯಲ್ಲಿದ್ದರೆ ಬೆಳಿಗ್ಗೆ 10ಕ್ಕೆ ಹೊತ್ತಬೇಕಾದ ದೀಪ ಮಧ್ಯಾಹ್ನ 3:30ಕ್ಕೆ ಹೊತ್ತುತ್ತದೆ. ಗಡಿಯಾರವೂ ಸರಿಯಿದ್ದರೆ ಡಿಎನ್‌ಎಸ್, ಅಂದರೆ ಸರ್ವರ್‌ನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆಯನ್ನು ನೋಡಿ. ಅಲ್ಲಿ ಹಳೆಯ ರೌಟರ್‌ನ ವಿಳಾಸವೇ ಅಂಟಿಕೊಂಡಿದ್ದರೆ ಅದನ್ನು ತೆಗೆದು 8.8.8.8 ಅಥವಾ 1.1.1.1 ಹಾಕಿ.

ವಿಳಾಸದ ಜಾಗದಲ್ಲಿ 169.254ರಿಂದ ಶುರುವಾಗುವ ಸಂಖ್ಯೆ ಕಂಡರೆ ಕಂಟ್ರೋಲರ್ ವಿಳಾಸ ಕೇಳಿದೆ, ರೌಟರ್ ಕೊಟ್ಟಿಲ್ಲ ಎಂದರ್ಥ. ರೌಟರ್ ಅನ್ನು ಮೊದಲು ಆರಿಸಿ ಹೊತ್ತಿಸಿ, ಅದು ಪೂರ್ತಿ ಎದ್ದ ಮೇಲೆ ಕಂಟ್ರೋಲರ್ ಹೊತ್ತಿಸಿ. ಎಲ್ಲ ಸೊನ್ನೆಗಳು ಕಂಡರೆ ಅದು ವೈ-ಫೈಗೇ ಸೇರಿಲ್ಲ.

ಈ ಕೊನೆಯ ತೊಂದರೆ ನಿಮಗಿಲ್ಲ, ಆದರೆ ಹೊಸ ಫೈಬರ್ ಹಾಕಿಸಿದ ಬೇರೆ ಓದುಗರಿಗೆ ಇರಬಹುದಾದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಇಂಥ ಉಪಕರಣಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು, 5 ಗಿಗಾಹರ್ಟ್ಸ್ ಅವಕ್ಕೆ ಕಾಣುವುದೇ ಇಲ್ಲ. ಹೊಸ ರೌಟರ್‌ಗಳು ಎರಡಕ್ಕೂ ಒಂದೇ ಹೆಸರಿಡುತ್ತವೆ, ಸೇರಿಸುವಾಗ ಗೊಂದಲವಾಗುತ್ತದೆ. 2.4ಕ್ಕೆ ಬೇರೆ ಹೆಸರು ಕೊಡಿ. ಭದ್ರತೆ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಹಳೆಯ ಕಂಟ್ರೋಲರ್ ಸೇರುವುದಿಲ್ಲ, ಡಬ್ಲ್ಯುಪಿಎ2 ಮಾಡಿ. ಇನ್ನೊಂದು ಕಾರಣ ಬಲ್ಲವರು ಕಡಿಮೆ: ಭಾರತದಲ್ಲಿ ರೌಟರ್‌ಗಳು 13ನೆಯ ಚಾನೆಲ್‌ವರೆಗೆ ಬಳಸಬಹುದು, ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಕಂಟ್ರೋಲರ್‌ಗಳು ಸಾಮಾನ್ಯವಾಗಿ 11ರವರೆಗೆ ಮಾತ್ರ ಹುಡುಕುತ್ತವೆ. ಚಾನೆಲ್ ಆಯ್ಕೆ 'ಆಟೋ' ಇದ್ದು ರೌಟರ್ ಒಂದು ದಿನ 12ಕ್ಕೋ 13ಕ್ಕೋ ಹೋದರೆ ಆ ದಿನ ಕಂಟ್ರೋಲರ್ ಇದ್ದಕ್ಕಿದ್ದಂತೆ ಕುರುಡಾಗುತ್ತದೆ. 1, 6, 11ರಲ್ಲಿ ಒಂದನ್ನು ಖಾಯಂ ಮಾಡಿ.

ಇನ್ನು ಮಗಳು ಪುಣೆಯಿಂದ ನೋಡುವ ವಿಷಯ. ಹಳೆಯ ಹಾಗೆ ಪೋರ್ಟ್ ತೆರೆಯುವುದು ಹೊಸ ಫೈಬರ್‌ನಲ್ಲಿ ಬಹುಶಃ ನಡೆಯುವುದಿಲ್ಲ, ನಡೆದರೂ ಮಾಡಬೇಡಿ ಎಂದೇ ಹೇಳುತ್ತೇನೆ. ಹಳೆಯ ಮಾದರಿಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಸುಮಾರು 430 ಕೋಟಿ ಮಾತ್ರ, ಅವು ಎಂದೋ ಸಾಲದಾಗಿವೆ. ಆದ್ದರಿಂದ ಸಂಸ್ಥೆಗಳು ಅನೇಕ ಮನೆಗಳನ್ನು ಒಂದೇ ಹೊರ ವಿಳಾಸದ ಹಿಂದೆ ಕೂರಿಸುತ್ತವೆ. ರೌಟರ್ ಪುಟದಲ್ಲಿ 'ವ್ಯಾನ್ ಐಪಿ', ಅಂದರೆ ರೌಟರ್‌ನ ಹೊರಬದಿಯ ವಿಳಾಸ, ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ ನಿಮ್ಮ ಮನೆಯೂ ಹಾಗೆಯೇ ಹಂಚಿಕೆಯಲ್ಲಿದೆ, ಹೊರಗಿನಿಂದ ಬಾಗಿಲು ತಟ್ಟುವವರಿಗೆ ನಿಮ್ಮ ಮನೆ ಸಿಗುವುದಿಲ್ಲ. ರೌಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಫಲವಿಲ್ಲ.

ಸ್ವಂತ ಹೊರ ವಿಳಾಸ ಸಿಕ್ಕರೂ ಅದು ಒಳ್ಳೆಯ ದಾರಿಯಲ್ಲ. ತೆರೆದ ಪೋರ್ಟ್‌ಗಳನ್ನು ಹುಡುಕುತ್ತ ಇಂಟರ್‌ನೆಟ್ ತುಂಬ ಯಂತ್ರಗಳು ಹಗಲಿರುಳು ತಿರುಗುತ್ತಿರುತ್ತವೆ. ಕಂಟ್ರೋಲರ್‌ನಲ್ಲಿ ಕಾರ್ಖಾನೆಯಿಂದ ಬಂದ ಪಾಸ್‌ವರ್ಡೇ ಇದ್ದರೆ ಯಾರೋ ಅಪರಿಚಿತರು ನಿಮ್ಮ ಫ್ಯಾನ್ ಆರಿಸಬಹುದು. ತಯಾರಕರ ಆಪ್ ಕೆಲಸ ಮಾಡುವ ರೀತಿಯೇ ಬೇರೆ: ಕಂಟ್ರೋಲರ್ ತಾನೇ ಒಳಗಿನಿಂದ ಹೊರಗಿನ ಸರ್ವರ್‌ಗೆ ಕರೆ ಮಾಡಿ ಸಂಪರ್ಕದಲ್ಲಿರುತ್ತದೆ, ಮಗಳ ಫೋನ್ ಕೂಡ ಅದೇ ಸರ್ವರ್‌ಗೆ ಸೇರುತ್ತದೆ. ಯಾವ ಬಾಗಿಲನ್ನೂ ತೆರೆಯಬೇಕಿಲ್ಲ. ಆಪ್ ಖಾತೆಗೆ ಮಗಳನ್ನು ಸೇರಿಸಿ, ಪಾಸ್‌ವರ್ಡ್ ಬದಲಿಸಿ, ಅಷ್ಟೇ.

ಕರೆಂಟ್ ಹೋಗಿ ಬಂದಾಗ ಸಂಪರ್ಕ ತಪ್ಪುವುದು ಬೇರೆಯೇ ತೊಂದರೆ, ವಿಳಾಸ ತಿದ್ದಿದರೂ ಅದು ಹೋಗುವುದಿಲ್ಲ. ಕರೆಂಟ್ ಬಂದ ಕೂಡಲೇ ಕಂಟ್ರೋಲರ್ ಕೆಲವೇ ಸೆಕೆಂಡುಗಳಲ್ಲಿ ಏಳುತ್ತದೆ. ಫೈಬರ್ ಪೆಟ್ಟಿಗೆ ಬೆಳಕಿನ ಸಂಕೇತ ಹಿಡಿದು, ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು, ವೈ-ಫೈ ಹರಡಲು ಎರಡು ಮೂರು ನಿಮಿಷ ಬೇಕು. ಕಂಟ್ರೋಲರ್ ಆ ಹೊತ್ತಿನಲ್ಲಿ ಕೆಲವು ಸಲ ಪ್ರಯತ್ನಿಸುತ್ತದೆ. ಚೆನ್ನಾಗಿ ಬರೆದ ತಂತ್ರಾಂಶವಾದರೆ ಪ್ರಯತ್ನ ಬಿಡುವುದಿಲ್ಲ, ಇಲ್ಲದಿದ್ದರೆ ಸೋತು ಸುಮ್ಮನಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಿಮ್ಮ ಕಡೆ ಸಂಜೆ ಗಾಳಿ ಎದ್ದು ಅಡ್ಡಮಳೆ ಬಂದರೆ ಕರೆಂಟ್ ಒಮ್ಮೆ ಹೋಗಿ ಒಮ್ಮೆ ಬರುವುದಿಲ್ಲ, ಹೋಗುತ್ತ ಬರುತ್ತ ಇರುತ್ತದೆ. ಪ್ರತಿ ಸಲವೂ ಫೈಬರ್ ಪೆಟ್ಟಿಗೆ ಮೊದಲಿನಿಂದ ಏಳಬೇಕು.

ಪರಿಹಾರ ಕಡಿಮೆ ಖರ್ಚಿನದು. ರೌಟರ್‌ಗೆಂದೇ ಸಿಗುವ 12 ವೋಲ್ಟಿನ ಸಣ್ಣ ಯುಪಿಎಸ್ ತನ್ನಿ. ಕೊಳ್ಳುವ ಮೊದಲು ರೌಟರ್‌ನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಓದಿಕೊಳ್ಳಿ: ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚು ಇರಬೇಕು. ಫೈಬರ್ ಪೆಟ್ಟಿಗೆ ಮತ್ತು ರೌಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಆ ಲೈನಿನಿಂದಲೂ ಕೊಡಬಹುದು, ಆದರೆ ಕೆಲವು ಇನ್ವರ್ಟರ್‌ಗಳು ಬದಲಾಗುವ ಕ್ಷಣದಲ್ಲಿ ರೌಟರ್ ಒಮ್ಮೆ ಆರಿ ಹೊತ್ತುತ್ತದೆ. ಮೇನ್ ಸ್ವಿಚ್ ಆರಿಸಿ ನೋಡಿದರೆ ತಿಳಿಯುತ್ತದೆ. ರೌಟರ್ ಆರದೇ ಉಳಿದರೆ ಕರೆಂಟ್ ಬಂದಾಗ ಕಂಟ್ರೋಲರ್‌ಗೆ ವೈ-ಫೈ ಸಿದ್ಧವಾಗಿ ಸಿಗುತ್ತದೆ.

ಕಂಟ್ರೋಲರ್‌ನಲ್ಲಿ ಕೇಬಲ್ ಪೋರ್ಟ್ ಇದ್ದರೆ ವೈ-ಫೈ ಬಿಟ್ಟು ಕೇಬಲ್ ಎಳೆಯಿರಿ ಎನ್ನುವುದು ನನ್ನ ಗಟ್ಟಿ ಸಲಹೆ. ಟ್ಯಾಂಕ್ ಕೆಳಗಿನ ಕಪಾಟಿನಲ್ಲಿ ಕಂಟ್ರೋಲರ್ ಇಡುವುದು ರೂಢಿ. ಅದರ ಮೇಲೆ ನೂರಾರು ಲೀಟರ್ ನೀರು, ಸುತ್ತ ಕಬ್ಬಿಣದ ಸ್ಟ್ಯಾಂಡ್. ನೀರು 2.4 ಗಿಗಾಹರ್ಟ್ಸ್ ಅಲೆಯನ್ನು ಚೆನ್ನಾಗಿ ಹೀರುತ್ತದೆ, ಕಬ್ಬಿಣ ಅದನ್ನು ತಡೆಯುತ್ತದೆ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ, ಮನೆಯೊಳಗೆ ಅದು ಧಾರಾಳ.

ಕೇಬಲ್ ಹಾಕಿದವರು ಒಂದು ವಿಷಯ ನೋಡಿಕೊಳ್ಳಬೇಕು. ಬಾಗಲಕೋಟೆಯ ಸುತ್ತ ಕಲಾದಗಿ, ಲೋಕಾಪುರದ ಕಡೆಗೆಲ್ಲ ಸುಣ್ಣಕಲ್ಲಿನ ನೆಲ, ಬೋರ್‌ವೆಲ್ ನೀರು ಗಡುಸು. ಆಫ್ರಿಕನ್ ಸಿಕ್ಲಿಡ್‌ಗಳಿಗೆ ಗಡಸು ನೀರು ಹಿಡಿಸುತ್ತದೆ, ಪ್ಲಗ್‌ಗಳಿಗೆ ಹಿಡಿಸುವುದಿಲ್ಲ. ಕೇಬಲ್ ತುದಿಯ ಪ್ಲಗ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಒಳಗೆ ಸಾಲಾಗಿ ಎಂಟು ಹಳದಿ ಲೋಹದ ಹಲ್ಲುಗಳಿರುತ್ತವೆ. ಅವುಗಳ ನಡುವೆ ಬಿಳಿ ಪುಡಿ ಕಟ್ಟಿದ್ದರೆ ಅಥವಾ ಒಂದೆರಡು ಹಸಿರಾಗಿದ್ದರೆ ಸಂಪರ್ಕ ಬಿಟ್ಟು ಬಿಟ್ಟು ಬರುವುದಕ್ಕೆ ಅದೇ ಕಾರಣ. ಪೋರ್ಟ್ ಪಕ್ಕದ ಸಣ್ಣ ದೀಪ ಪ್ಲಗ್ ಅಲ್ಲಾಡಿಸಿದಾಗ ಆರಿ ಹೊತ್ತುವುದರಿಂದಲೂ ಇದು ತಿಳಿಯುತ್ತದೆ. ಉಜ್ಜಿ ಸಾಗಿಸಬೇಡಿ, ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿಸಿ. ಪೋರ್ಟ್ ಒಳಗೂ ಪುಡಿ ಕಂಡರೆ ಉಪಕರಣ ಆರಿಸಿ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಸಣ್ಣ ಬ್ರಷ್‌ನಿಂದ ತೆಗೆಯಿರಿ. ಟ್ಯಾಂಕ್ ಕಡೆಗೆ ಹೋಗುವ ಪ್ರತಿಯೊಂದು ತಂತಿಯೂ, ಕರೆಂಟಿನದಾಗಲಿ ನೆಟ್‌ವರ್ಕಿನದಾಗಲಿ, ಪ್ಲಗ್‌ಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹತ್ತುವಂತಿರಲಿ. ತಂತಿಯ ಮೇಲೆ ಹರಿದ ಹನಿ ಆ ತಗ್ಗಿನಲ್ಲಿ ನೆಲಕ್ಕೆ ಬೀಳುತ್ತದೆ, ಸಾಕೆಟ್‌ಗೆ ಹೋಗುವುದಿಲ್ಲ.

ಈಗ ನನಗೆ ಹೆಚ್ಚು ಕಾಳಜಿ ಇರುವ ಮಾತಿಗೆ ಬರುತ್ತೇನೆ. ಸಂಪರ್ಕ ಎಷ್ಟೇ ಸರಿಹೋಗಲಿ, ಮೂರು ವಾರ ಬೀಗ ಹಾಕಿದ ಮನೆಯಲ್ಲಿ ಮೀನುಗಳು ಬದುಕುವುದು ಅದರ ಮೇಲೆ ನಿಂತಿರಬಾರದು. ನೆಟ್‌ವರ್ಕ್ ಇರುವುದು ನೀವು ನೋಡುವುದಕ್ಕೆ. ನೀರನ್ನು ಕಾಯುವ ನಿಯಮಗಳು ಕಂಟ್ರೋಲರ್ ಒಳಗೇ ಇರಬೇಕು. ಇದನ್ನು ಹೋಗುವ ಮೊದಲು ಪರೀಕ್ಷಿಸಿ: ನೀವು ಮನೆಯಲ್ಲಿರುವ ಒಂದು ದಿನ ರೌಟರ್‌ನ ಪ್ಲಗ್ ಕಿತ್ತಿಡಿ. ದೀಪ ಸಮಯಕ್ಕೆ ಹೊತ್ತಿ ಆರುತ್ತದೆಯೇ? ನೀರು ಬಿಸಿಯಾದಾಗ ಫ್ಯಾನ್ ತಿರುಗುತ್ತದೆಯೇ? ಆಮೇಲೆ ರೌಟರ್ ಹಾಗೆಯೇ ಆರಿರಲಿ, ಕಂಟ್ರೋಲರ್ ಅನ್ನು ಆರಿಸಿ ಹೊತ್ತಿಸಿ. ಗಡಿಯಾರ ಉಳಿಯುತ್ತದೆಯೇ, ನಿಯಮಗಳು ಉಳಿಯುತ್ತವೆಯೇ? ಯಾವುದಾದರೂ ನಿಯಮ ಆಪ್‌ನಲ್ಲಿ ಅಥವಾ ಸರ್ವರ್‌ನಲ್ಲಿ ಮಾತ್ರ ಇದ್ದರೆ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಕಂಟ್ರೋಲರ್‌ನಲ್ಲಿ 'ಫಾಲ್‌ಬ್ಯಾಕ್' ಎಂಬ ಆಯ್ಕೆ ಇದ್ದರೆ, ಅಂದರೆ ಬುದ್ಧಿ ಕೆಟ್ಟಾಗ ಪ್ರತಿ ಸಾಕೆಟ್ ಯಾವ ಸ್ಥಿತಿಗೆ ಹೋಗಬೇಕು ಎಂಬುದು, ಫಿಲ್ಟರ್, ಏರ್ ಪಂಪ್ ಮತ್ತು ಫ್ಯಾನ್‌ಗೆ 'ಆನ್', ಹೀಟರ್‌ಗೆ 'ಆಫ್' ಇಡಿ.

ಹೀಟರ್ ಬಗ್ಗೆ ನೇರವಾಗಿ ಹೇಳುತ್ತೇನೆ: ಏಪ್ರಿಲ್ ಕೊನೆಗೆ ಬಾಗಲಕೋಟೆಯಲ್ಲಿ ಅದು ಬೇಡ. ಪ್ಲಗ್ ಕಿತ್ತು, ತಣ್ಣಗಾದ ಮೇಲೆ ನೀರಿನಿಂದ ಹೊರಗೆ ತೆಗೆದಿಡಿ. 40 ಡಿಗ್ರಿ ಬಿಸಿಲಿನಲ್ಲಿ ಕಿಟಕಿ ಮುಚ್ಚಿದ ಮನೆ ಇನ್ನಷ್ಟು ಕಾಯುತ್ತದೆ. ರಿಲೇ, ಅಂದರೆ ಕಂಟ್ರೋಲರ್ ಒಳಗಿನ ಸ್ವಿಚ್, ಅಂಟಿಕೊಂಡು ಹೀಟರ್ ಆರದೇ ಹೋದರೆ ಒಂದೇ ದಿನದಲ್ಲಿ ಟ್ಯಾಂಕ್ ಮುಗಿಯುತ್ತದೆ. ಇನ್ನೊಂದು ಅಪಾಯ ಫ್ಯಾನ್‌ನಿಂದ. ನಿಮ್ಮ ಒಣ ಹವೆಯಲ್ಲಿ ನೀರಿನ ಮೇಲೆ ಬೀಸುವ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸಬಲ್ಲದು, ಆದರೆ ಅದು ತಂಪು ಮಾಡುವುದು ನೀರನ್ನು ಆವಿ ಮಾಡಿಯೇ. ಮೂರು ವಾರದಲ್ಲಿ ಮಟ್ಟ ಕಣ್ಣಿಗೆ ಕಾಣುವಂತೆ ಇಳಿಯುತ್ತದೆ. ಹೀಟರ್ ಒಳಗಿದ್ದರೆ ಅದು ನೀರಿನಿಂದ ಮೇಲೆ ಬಂದು ಒಡೆಯಬಹುದು, ಫಿಲ್ಟರ್ ಪೈಪ್ ಗಾಳಿ ಎಳೆಯಬಹುದು. ಪೈಪನ್ನು ಕೆಳಕ್ಕೆ ಇಳಿಸಿಡಿ. ಕೀಲಿ ಕೊಟ್ಟ ಪಕ್ಕದ ಮನೆಯವರು ನಾಲ್ಕೈದು ದಿನಕ್ಕೊಮ್ಮೆ ಗುರುತು ಹಾಕಿದ ಗೆರೆಯವರೆಗೆ ನೀರು ತುಂಬಲಿ. ಕ್ಲೋರಿನ್ ಹೋದ ನೀರನ್ನು ಬಕೆಟ್‌ಗಳಲ್ಲಿ ತುಂಬಿಸಿ ಮುಚ್ಚಿಟ್ಟು ಹೋಗಿ.

ಕರೆಂಟ್ ಹೋದಾಗ ಮೊದಲು ಕೊರತೆಯಾಗುವುದು ಆಮ್ಲಜನಕ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಯಲ್ಲಿ ಸುಮಾರು 7.6. ನಮ್ಮ ಎತ್ತರದ ಊರುಗಳಲ್ಲಿ ಇನ್ನೂ ತುಸು ಕಡಿಮೆ. ಸಿಕ್ಲಿಡ್ ಟ್ಯಾಂಕ್‌ಗಳಲ್ಲಿ ಸಾಮಾನ್ಯವಾಗಿ ಮೀನು ದಟ್ಟವಾಗಿರುತ್ತದೆ. ಕರೆಂಟ್ ಹೋದೊಡನೆ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಹಾಕಿ. ಇದಕ್ಕೆ ವೈ-ಫೈ ಬೇಡ, ಆಪ್ ಬೇಡ. ರೌಟರ್ ಯುಪಿಎಸ್ ಮತ್ತು ಈ ಪಂಪ್‌ನಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಪಂಪ್ ಕೊಳ್ಳಿ.

ಆಪ್‌ನಲ್ಲಿ ಎರಡು ಎಚ್ಚರಿಕೆಗಳು ಸಾಕು. ನೀರು 30 ಡಿಗ್ರಿ ದಾಟಿದರೆ ಒಂದು. ಕಂಟ್ರೋಲರ್ ಹದಿನೈದು ಇಪ್ಪತ್ತು ನಿಮಿಷ ಸಂಪರ್ಕದಲ್ಲಿಲ್ಲದಿದ್ದರೆ ಇನ್ನೊಂದು. ಎರಡನೆಯದನ್ನು ಸರ್ವರ್ ಕಳುಹಿಸಬೇಕು, ಏಕೆಂದರೆ ಮನೆಯಲ್ಲಿ ಕರೆಂಟ್ ಹೋದಾಗ ಕಂಟ್ರೋಲರ್‌ಗೆ ಹೇಳಲು ಬಾಯಿ ಇರುವುದಿಲ್ಲ. ಎಚ್ಚರಿಕೆ ಬಂದರೆ ಮಗಳಾಗಲಿ ನೀವಾಗಲಿ ಪುಣೆಯಿಂದ ಏನೂ ಮಾಡಲಾಗದು, ಪಕ್ಕದ ಮನೆಯವರಿಗೆ ಫೋನ್ ಮಾಡಬಹುದು. ಆದ್ದರಿಂದ ಅವರನ್ನು ಒಮ್ಮೆ ಕರೆದು ತೋರಿಸಿ. ಗಾಜಿನ ಪಕ್ಕ ಒಂದು ಹಾಳೆ ಅಂಟಿಸಿ ದೊಡ್ಡ ಅಕ್ಷರದಲ್ಲಿ ಬರೆಯಿರಿ: ಯಾವ ಪ್ಲಗ್ ಫಿಲ್ಟರ್, ಯಾವುದು ಏರ್ ಪಂಪ್, ಯಾವ ಗುಂಡಿ ಮುಟ್ಟಬಾರದು. ಇನ್ನೂ ಒಂದು ಸಾಲು ಸೇರಿಸಿ: ಕರೆಂಟ್ ಅರ್ಧ ದಿನಕ್ಕಿಂತ ಹೆಚ್ಚು ಹೋಗಿದ್ದರೆ ಡಬ್ಬಿ ಫಿಲ್ಟರ್ ಅನ್ನು ಹಾಗೆಯೇ ಚಾಲೂ ಮಾಡಬಾರದು, ಒಳಗಿನ ಕೊಳೆತ ನೀರು ಚೆಲ್ಲಿ, ಸ್ಪಂಜುಗಳನ್ನು ಟ್ಯಾಂಕ್ ನೀರಿನಲ್ಲಿ ಅದ್ದಿ ತೆಗೆದು ಹಾಕಬೇಕು. ಆಹಾರವನ್ನು ದಿನಕ್ಕೊಂದು ಪೊಟ್ಟಣದಂತೆ, ನೀವು ಹಾಕುವುದರ ಅರ್ಧದಷ್ಟು ಕಟ್ಟಿಡಿ, ಅದೂ ದಿನ ಬಿಟ್ಟು ದಿನ. ಪ್ರೀತಿಯಿಂದ ಹೆಚ್ಚು ಹಾಕುವ ನೆರೆಯವರೇ ಬೇಸಿಗೆಯಲ್ಲಿ ನೀರು ಕೆಡಿಸುವುದು.

ಈ ಕೆಲಸಗಳನ್ನು ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ವಿಳಾಸವನ್ನು ಇಂದೇ ತಿದ್ದಿ, ಎರಡು ವಾರ ಅದರ ನಡತೆ ನೋಡಿ, ನಡುವೆ ಎರಡು ಮೂರು ಸಲ ಮೇನ್ ಸ್ವಿಚ್ ಆರಿಸಿ ಹೊತ್ತಿಸಿ. ಇಷ್ಟೆಲ್ಲ ಆದ ಮೇಲೂ ಆಪ್ ಆಫ್‌ಲೈನ್ ಎಂದೇ ಹೇಳಿದರೆ ಮತ್ತೆ ಬರೆಯಿರಿ. ಕಂಟ್ರೋಲರ್ ಪರದೆಯ ವಿಳಾಸ ಮತ್ತು ಗೇಟ್‌ವೇ, ಮೊಬೈಲ್‌ನ ವಿಳಾಸ ಮತ್ತು ಗೇಟ್‌ವೇ, ಕಂಟ್ರೋಲರ್ ತೋರಿಸುವ ದಿನಾಂಕ ಮತ್ತು ವೇಳೆ, ಬ್ರೌಸರ್‌ನಲ್ಲಿ ಅದರ ಪುಟ ತೆರೆಯಿತೋ ಇಲ್ಲವೋ, ಇಷ್ಟು ತಿಳಿಸಿದರೆ ಮುಂದಿನ ಕೊಂಡಿ ಯಾವುದೆಂದು ಹೇಳುತ್ತೇನೆ.